ಸಿ ಭಾಷೆಯ ಒಂದು ಜೊತೆ ಆವರಣದ ಇತಿಹಾಸ

ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ 'ಸಿ' ಎಂಬ ಗಣಕ ಭಾಷೆಯ ಹೆಸರು ಕೇಳದವರು ವಿರಳ. ಅದರಲ್ಲಿ ಮಕ್ಕಳನ್ನು ಬಹಳವಾಗಿ ಗೋಳುಹೊಯ್ದುಕೊಳ್ಳುವುದು ಫಂಕ್ಷನ್ ಪಾಯಿಂಟರಿನ ಘೋಷಣೆ. 'ಇಂಟ್ *ಎಫ್()' ಎಂದರೆ ಪೂರ್ಣಾಂಕವೊಂದರ ವಿಳಾಸವನ್ನು ಕೊಡುವ ಫಂಕ್ಷನ್. 'ಇಂಟ್ (*ಎಫ್)()' ಎಂದರೆ ಪೂರ್ಣಾಂಕವನ್ನು ಕೊಡುವ ಫಂಕ್ಷನ್ನಿನ ವಿಳಾಸ. ಒಂದು ಜೊತೆ ಆವರಣದಿಂದ ಅರ್ಥವೇ ಬುಡಮೇಲು!

ಇದರ ಮೂಲ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿದೆ. ಅಲ್ಲಿ ಕೆನ್ ಥಾಂಪ್ಸನ್ ರಚಿಸಿದ್ದ 'ಬಿ' ಭಾಷೆಯಲ್ಲಿ ಸಂಖ್ಯೆಯಾಗಲಿ, ವಿಳಾಸವಾಗಲಿ, ಎಲ್ಲಕ್ಕೂ ಒಂದೇ ಅಳತೆ, ಒಂದೇ ಜಾತಿ. 1970ರಲ್ಲಿ ಬಂದ ಪಿಡಿಪಿ-11 ಯಂತ್ರದಲ್ಲಿ ಒಂದೊಂದು ಬೈಟಿಗೂ ಪ್ರತ್ಯೇಕ ವಿಳಾಸವಿದ್ದುದರಿಂದ ಈ ಏರ್ಪಾಡು ಹೊಂದಲಿಲ್ಲ. 1971ರಿಂದ ಡೆನ್ನಿಸ್ ರಿಚ್ಚಿಯವರು ಭಾಷೆಗೆ 'ಟೈಪು'ಗಳನ್ನು ಸೇರಿಸತೊಡಗಿದರು. 1973ರ ಹೊತ್ತಿಗೆ ಸಿ ಬಹುಮಟ್ಟಿಗೆ ರೂಪುಗೊಂಡಿತ್ತು.

ಟೈಪುಗಳನ್ನು ಬರೆಯುವುದು ಹೇಗೆ? ಹೆಸರನ್ನು ಬಳಸುವ ರೀತಿಯಲ್ಲೇ ಘೋಷಿಸಬೇಕೆಂದು ರಿಚ್ಚಿಯವರು ಗೊತ್ತುಮಾಡಿದರು. '(*ಎಫ್)()' ಎಂದು ಕರೆದಾಗ ಪೂರ್ಣಾಂಕ ಸಿಗುವುದಾದರೆ, ಅದರ ಎಡಕ್ಕೆ 'ಇಂಟ್' ಬರೆದರೆ ಘೋಷಣೆ ಸಿದ್ಧ. ಆದ್ದರಿಂದ ಇದನ್ನು ಎಡದಿಂದ ಬಲಕ್ಕೆ ಓದಹೊರಟರೆ ದಾರಿ ತಪ್ಪುತ್ತದೆ. ನಡುವಿನ ಹೆಸರಿನಿಂದ ಹೊರಡಬೇಕು. ಯುಕ್ತಿ ಸೊಗಸಾದದ್ದೇ. ತೊಡಕು ಬಂದದ್ದು ನಕ್ಷತ್ರ ಚಿಹ್ನೆಯ ಸ್ಥಾನದಿಂದ. ಅದು ಹೆಸರಿನ ಎಡಕ್ಕೆ ಕೂರುತ್ತದೆ, ಫಂಕ್ಷನ್ನಿನ '()' ಬಲಕ್ಕೆ. ಎರಡೂ ಒಂದೇ ಹೆಸರನ್ನು ಜಗ್ಗಿದರೆ ಗೆಲ್ಲುವುದು ಬಲದ್ದು. ನಕ್ಷತ್ರಕ್ಕೆ ಮೊದಲ ಮರ್ಯಾದೆ ಸಲ್ಲಬೇಕಾದರೆ ಆವರಣ ಹಾಕಲೇಬೇಕು.

ನಮ್ಮ ಕನ್ನಡದ ವಿಭಕ್ತಿ ಪ್ರತ್ಯಯಗಳಂತೆ ನಕ್ಷತ್ರವೂ ಹೆಸರಾದ ಮೇಲೆ ಬಂದಿದ್ದರೆ? 'ಎಫ್*()' ಮತ್ತು 'ಎಫ್()*' ಎಂದು, ಆವರಣದ ಹಂಗಿಲ್ಲದೆ, ನೆಟ್ಟಗೆ ಓದಿಕೊಂಡು ಹೋಗಬಹುದಿತ್ತು. ಇದನ್ನು 1981ರಲ್ಲಿ ಎತ್ತಿ ತೋರಿಸಿದವರು ಬೆಲ್ ಪ್ರಯೋಗಾಲಯದಲ್ಲೇ ಇದ್ದ ರವಿ ಸೇಠಿಯವರು, ನಮ್ಮ ಕಾನ್ಪುರ ಐಐಟಿಯಲ್ಲಿ ಓದಿದವರು. ಆದರೆ ಅಷ್ಟರಲ್ಲಿ ಕಾಲ ಮಿಂಚಿತ್ತು. ಯೂನಿಕ್ಸಿನ ತಿರುಳೇ 1973ರಲ್ಲಿ ಸಿ ಭಾಷೆಗೆ ಬಂದಿತ್ತು. ಕರ್ನಿಹನ್ ಮತ್ತು ರಿಚ್ಚಿಯವರ ಪುಸ್ತಕ 1978ರಲ್ಲೇ ಹೊರಬಿದ್ದಿತ್ತು. ಒಮ್ಮೆ ಅಚ್ಚಾಗಿ ಹಂಚಿಹೋದ ನಮೂನೆಯಲ್ಲಿ ಒಂದು ಕಾಲಂ ಬದಲಿಸುವ ಕಷ್ಟವನ್ನು ಸರ್ಕಾರಿ ಕಚೇರಿಯ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಇಷ್ಟು ಕಷ್ಟಪಟ್ಟು ಫಂಕ್ಷನ್ನಿನ ವಿಳಾಸವೇಕೆ ಎನ್ನಬಹುದು. ಪಟ್ಟಿಯನ್ನು ಜೋಡಿಸುವ ಕಾರ್ಯಕ್ರಮವನ್ನು ಒಮ್ಮೆ ಬರೆದಿಟ್ಟು, ಹೋಲಿಸುವ ಫಂಕ್ಷನ್ನಿನ ವಿಳಾಸವನ್ನು ಅದರ ಕೈಗೆ ಕೊಟ್ಟರೆ ಸಾಕು: ಅದೇ ಕಾರ್ಯಕ್ರಮ ಹೆಸರಿನ ಪ್ರಕಾರವೂ ಜೋಡಿಸುತ್ತದೆ, ವಯಸ್ಸಿನ ಪ್ರಕಾರವೂ ಜೋಡಿಸುತ್ತದೆ.

1989ರ ಅಮೆರಿಕದ ಪ್ರಮಾಣಕವು ಕರೆಯುವಾಗ ಬರೇ 'ಎಫ್()' ಎಂದರೂ ಸಾಕೆಂದು ರಿಯಾಯಿತಿ ತೋರಿತು. ಘೋಷಣೆಗೆ ಮಾತ್ರ ಆವರಣ ತಪ್ಪಲಿಲ್ಲ. ಅದಕ್ಕೆ ಹಿಂದಿನ ವರ್ಷ ಬಂದ ತಮ್ಮ ಪುಸ್ತಕದ ಎರಡನೆಯ ಆವೃತ್ತಿಯಲ್ಲಿ ಕರ್ನಿಹನ್ ಮತ್ತು ರಿಚ್ಚಿಯವರೇ ಇಂಥ ಘೋಷಣೆಗಳನ್ನು ಸಾದಾ ಇಂಗ್ಲಿಷಿಗೆ ಬಿಡಿಸಿ ಹೇಳುವ ಪುಟ್ಟ ಕಾರ್ಯಕ್ರಮವೊಂದನ್ನು ಬರೆದುಕೊಟ್ಟಿದ್ದಾರೆ.