ಒಂದು ಟನ್ನಿನಿಂದ ಒಂದು ಗೇಣಿಗೆ

ನಮ್ಮನೆ ಟಿವಿ ಪಕ್ಕ ಒಂದು ಕರಿ ಪೆಟ್ಟಿಗೆ ಇದೆ. ಉದ್ದ, ಅಗಲ, ಎತ್ತರ ಎಲ್ಲ ಹೆಚ್ಚೂಕಮ್ಮಿ ಒಂದು ಗೇಣು. ಬಂದವರೆಲ್ಲ "ಇದೇನು, ಹೊಸ ಸ್ಪೀಕರಾ?" ಅಂತ ಕೇಳ್ತಾರೆ. "ಅಲ್ಲ, ಸರ್ವರ್" ಅಂದ್ರೆ ನಗ್ತಾರೆ. "ಮನೇಲಿ ಸರ್ವರ್ ಯಾಕೆ, ಹೋಟೆಲ್ ಇಟ್ಟಿದೀಯಾ?" ಅಂದವರೂ ಇದ್ದಾರೆ.

ಯಾಕೆ ಅಂತ ಹೇಳಬೇಕಾದರೆ ಅಪ್ಪನ ಕ್ಯಾಸೆಟ್ಟುಗಳಿಂದ ಶುರು ಮಾಡಬೇಕು. ಅಪ್ಪನಿಗೆ ತಾಳಮದ್ದಲೆಯ ಹುಚ್ಚು. ಎಲ್ಲೇ ಕೂಟ ಇದ್ದರೂ ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಹೊರಡುತ್ತಿದ್ದರು. ಕರ್ಣಭೇದನ, ವಾಲಿವಧೆ, ಕೃಷ್ಣಸಂಧಾನ, ಹೀಗೆ 52 ಕ್ಯಾಸೆಟ್ ಕೂಡಿಟ್ಟಿದ್ದರು. ಪ್ರತಿಯೊಂದರ ಆರಂಭದಲ್ಲೂ ಒಮ್ಮೆ ಕೆಮ್ಮಿ, ಊರು, ತಾರೀಖು, ಪ್ರಸಂಗದ ಹೆಸರು ಹೇಳುವುದು ಅವರ ಪದ್ಧತಿ. 2011ರಲ್ಲಿ ನಾನು ಎಲ್ಲವನ್ನೂ ಎಂಪಿ3 ಮಾಡಿದೆ. ಎಲ್ಲ ಸೇರಿ ಐದು ಜಿಬಿ ಕೂಡ ಆಗಲಿಲ್ಲ. "ಅದು ಗಟ್ಟಿ ಇದೆಯಾ?" ಅಂತ ಅಪ್ಪ ಕೇಳಿದ್ದರು. "ಕ್ಯಾಸೆಟ್ಟಿಗಿಂತ ಗಟ್ಟಿ" ಅಂದೆ. ಹಾಗಂತ ಹೇಳಿ, ಬೂಸ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನ ಗುಜರಿಗೂ ಹಾಕಿಸಿದೆ.

ಅಪ್ಪ ಹೋಗಿ ಎರಡು ವರ್ಷಕ್ಕೆ ಆ ಡಿಸ್ಕು ಟಿಕ್ ಟಿಕ್ ಅನ್ನತೊಡಗಿತು. ಮೂರನೇ ದಿನ ಅದೂ ನಿಂತಿತು. ರಿಪೇರಿಯವನು ಬಿಚ್ಚಿ ನೋಡಿ, ತಟ್ಟೆ ಕೆರೆದುಹೋಗಿದೆ, ಏನೂ ಸಿಗಲ್ಲ ಅಂದ.

ಒಂದಷ್ಟು ದಿನ ನನ್ನ ಮೇಲೇ ಸಿಟ್ಟು. ಆಮೇಲೆ, ಈ ಡಿಸ್ಕು ಅನ್ನೋದು ಬಂದದ್ದಾದರೂ ಎಲ್ಲಿಂದ ಅಂತ ಓದೋಕೆ ಕೂತೆ.

ಮೊದಲ ಹಾರ್ಡ್ ಡಿಸ್ಕು ಹೊರಬಂದದ್ದು 1956ರ ಸೆಪ್ಟೆಂಬರಿನಲ್ಲಿ, ಐಬಿಎಂನ ರಾಮ್ಯಾಕ್ ಯಂತ್ರದ ಜೊತೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಮತ್ತವರ ತಂಡ ಕಟ್ಟಿದ್ದು. 24 ಇಂಚು ಅಗಲದ 50 ತಟ್ಟೆಗಳು, ಒಟ್ಟು ತೂಕ ಒಂದು ಟನ್ನಿಗೂ ಜಾಸ್ತಿ, ಬಾಡಿಗೆ ತಿಂಗಳಿಗೆ 3,200 ಡಾಲರ್. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಇವತ್ತಿನ ಲೆಕ್ಕದಲ್ಲಿ ನಾಲ್ಕು ಎಂಬಿಗೂ ಕಡಿಮೆ. ನಾಲ್ಕು ನಿಮಿಷದ ಎಂಪಿ3 ಹಾಡೊಂದು ಅದರಲ್ಲಿ ಕೂರೋದು ಕಷ್ಟ. ಅಪ್ಪನ ಒಂದೇ ಒಂದು ಕ್ಯಾಸೆಟ್ಟಿಗೆ ಇಪ್ಪತ್ತಕ್ಕೂ ಹೆಚ್ಚು ರಾಮ್ಯಾಕ್ ಬೇಕಾಗುತ್ತಿತ್ತು!

ಆಗಲೂ ಈಗಲೂ ತತ್ವ ಒಂದೇ. ತಟ್ಟೆ ತಿರುಗುತ್ತದೆ, ಓದುವ ಹೆಡ್ಡು ಅದನ್ನು ಮುಟ್ಟದೆ ಗಾಳಿಯ ತೆಳು ಪದರದ ಮೇಲೆ ತೇಲುತ್ತದೆ. ಅಂತರ ಕಡಿಮೆಯಾದಷ್ಟೂ ಜಾಸ್ತಿ ಬರೆಯಬಹುದು. ಆದರೆ ಮುಟ್ಟಿತೋ, ಕೆಟ್ಟಿತು. ನನ್ನ ಡಿಸ್ಕಿಗೆ ಆದದ್ದು ಅದೇ.

ಇದಕ್ಕೆ ಮದ್ದು ಹುಡುಕಿದವರ ಕತೆಯಲ್ಲಿ 1988 ದೊಡ್ಡ ವರ್ಷ. ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಒಂದು ಪ್ರಬಂಧ ಬರೆದರು. ದುಬಾರಿಯ ದೊಡ್ಡ ಡಿಸ್ಕೊಂದರ ಬದಲು ಅಗ್ಗದ ಚಿಕ್ಕ ಡಿಸ್ಕುಗಳನ್ನು ಸಾಲಾಗಿ ಜೋಡಿಸಿದರೆ ಹೇಗೆ ಅಂತ. ತೊಡಕೇನು ಅಂದ್ರೆ, ಒಂದು ಡಿಸ್ಕಿನ ಸರಾಸರಿ ಬಾಳಿಕೆ 30,000 ಗಂಟೆ ಅಂತಿಟ್ಟುಕೊಂಡರೆ, ನೂರು ಡಿಸ್ಕಿನ ಸಾಲಿನಲ್ಲಿ 300 ಗಂಟೆಗೊಂದು ಸಾಯುತ್ತದೆ. ಎರಡು ವಾರ ಕೂಡ ಇಲ್ಲ. ಅವರ ಉತ್ತರ, ಡಿಸ್ಕು ಸಾಯಲಿ, ಮಾಹಿತಿ ಸಾಯದ ಹಾಗೆ ನೋಡಿಕೊಳ್ಳೋಣ. ಒಂದು ಡಿಸ್ಕಿನಲ್ಲಿ 7, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12 ಬರೆದಿಟ್ಟರೆ, ಯಾವುದೊಂದು ಹೋದರೂ ಉಳಿದೆರಡರಿಂದ ಅದನ್ನು ಕಂಡುಹಿಡಿಯಬಹುದಲ್ವಾ? ಇಷ್ಟೇ ಸರಳ ಲೆಕ್ಕ. ಇದಕ್ಕೆ ಅವರಿಟ್ಟ ಹೆಸರು ರೇಡ್. ಅದೇ 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್, ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡ ಕಾಂತೀಯ ಪರಿಣಾಮವೊಂದು ಮುಂದೆ ಡಿಸ್ಕುಗಳ ಹೊಟ್ಟೆಯನ್ನು ಬೆಳೆಸುತ್ತಾ ಹೋಯಿತು. ಅವರಿಗೆ 2007ರಲ್ಲಿ ನೊಬೆಲ್ ಬಂತು.

ಆದರೂ ಇದೆಲ್ಲ ಆಫೀಸುಗಳ ಮಾತು. ಮನೆಯೊಳಗೆ ತಂದವರು ಹೆಚ್ಚಾಗಿ ಹವ್ಯಾಸಿಗಳು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ವಿದ್ಯಾರ್ಥಿಯಾಗಿದ್ದಾಗ, ಕಂಪ್ಯೂಟರುಗಳು ತಂತಿಯ ಮೇಲೆ ಆಡುವ ಮಾತನ್ನು ಕದ್ದು ಕೇಳಿ ಕಲಿತು ಬರೆದ ತಂತ್ರಾಂಶವೇ ಸಾಂಬಾ. ಅದರಿಂದಲೇ ನನ್ನ ಲಿನಕ್ಸ್ ಪೆಟ್ಟಿಗೆ ಮನೆಯ ವಿಂಡೋಸ್ ಲ್ಯಾಪ್‌ಟಾಪಿಗೆ ಫೋಲ್ಡರಿನಂತೆ ಕಾಣಿಸೋದು. ತೈವಾನಿನ ವಿಯಾ ಕಂಪೆನಿ 2001ರಲ್ಲಿ ಮಿನಿ-ಐಟಿಎಕ್ಸ್ ಎಂಬ 17 ಸೆಂಟಿಮೀಟರ್ ಚೌಕದ ಬೋರ್ಡಿನ ಅಳತೆಯನ್ನು ತಂದಿತು. ಮಂಚದಡಿಯ ಡಬ್ಬ ಗೇಣಿಗೆ ಇಳಿದದ್ದು ಅಲ್ಲಿಂದ. 2002ರಲ್ಲಿ ಆಟದ ಎಕ್ಸ್‌ಬಾಕ್ಸಿನಲ್ಲೇ ಸಿನಿಮಾ ನೋಡೋಕೆ ಹೊರಟ ಹುಡುಗರು ಬರೆದ ಪ್ಲೇಯರ್ ಎಕ್ಸ್‌ಬಿಎಂಸಿ ಆಗಿ, 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು. 2005ರಲ್ಲಿ ಫ್ರಾನ್ಸಿನ ಒಲಿವಿಯೇ ಕೊಶಾರ್-ಲಬ್ಬೇ ಫ್ರೀನ್ಯಾಸ್ ಶುರುಮಾಡಿ, ಹಳೇ ಕಂಪ್ಯೂಟರನ್ನೂ ಉಗ್ರಾಣ ಮಾಡಬಹುದು ಅಂತ ತೋರಿಸಿದರು. ಇವರ್‍ಯಾರೂ ನನ್ನ ಅಪ್ಪನ ಕ್ಯಾಸೆಟ್ಟಿಗಾಗಿ ದುಡಿದವರಲ್ಲ. ಆದರೂ ಋಣ ಋಣವೇ.

ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಅಲೆದು ಆ ಅಳತೆಯ ಒಂದು ಬೋರ್ಡು, ಪುಟ್ಟ ಪೆಟ್ಟಿಗೆ, 4 ಟಿಬಿಯ ಎರಡು ಡಿಸ್ಕು ತಂದೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡುವಂತೆ, ಅಂದ್ರೆ ಕನ್ನಡಿಯ ಹಾಗೆ, ಜೋಡಿಸಿದೆ. ಎರಡೂ ಡಿಸ್ಕು ಬೇರೆ ಬೇರೆ ಅಂಗಡಿಯವು. ಒಂದೇ ಗಳಿಗೆಯಲ್ಲಿ ಹುಟ್ಟಿದವು ಒಟ್ಟಿಗೇ ಸಾಯಬಾರದು ನೋಡಿ.

ಅದರಲ್ಲಿ ಹಾಕೋಕೆ ಏನಿತ್ತು ಅಂತೀರಾ? ಸಿರ್ಸಿಯಲ್ಲಿರುವ ಚಿಕ್ಕಪ್ಪನ ಮಗ ಕಾರಿನಲ್ಲಿ ಕೇಳೋಕೆ ಅಂತ ತನಗೆ ಬೇಕಾದ 31 ಕ್ಯಾಸೆಟ್ಟುಗಳ ಫೈಲನ್ನು ಯಾವಾಗಲೋ ಪೆನ್‌ಡ್ರೈವಿಗೆ ತುಂಬಿಕೊಂಡಿದ್ದ. ಅಷ್ಟು ಉಳಿದವು. 21 ಹೋದವು, ಹೋದಂಗೇ.

ನಾನು ಕಲಿತ ಮುಖ್ಯ ಪಾಠ ಇಲ್ಲಿದೆ. ಅಪ್ಪನ ದನಿ ಉಳಿಸಿದ್ದು ರೇಡ್ ಅಲ್ಲ, ಬೇರೆ ಊರಲ್ಲಿದ್ದ ಒಂದು ಪೆನ್‌ಡ್ರೈವು. ಕನ್ನಡಿ ಜೋಡಿ ಒಂದು ಡಿಸ್ಕು ಸತ್ತರೆ ಕಾಯುತ್ತದೆ. ಆದರೆ ನಾನೇ ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಕಳ್ಳ ಬಂದರೆ ಎರಡನ್ನೂ ಒಯ್ಯುತ್ತಾನೆ, ಸಿಡಿಲು ಹೊಡೆದರೆ ಎರಡೂ ಸುಡುತ್ತವೆ. ಹಾಗಾಗಿ ಈಗ ಪ್ರತಿ ದೀಪಾವಳಿಗೆ ಊರಿಗೆ ಹೋಗುವಾಗ ಚೀಲದಲ್ಲಿ ಇನ್ನೊಂದು ಡಿಸ್ಕು ಇರುತ್ತದೆ. ಅದನ್ನು ಸಿರ್ಸಿಯ ಕಪಾಟಿನಲ್ಲಿಟ್ಟು, ಹೋದ ವರ್ಷದ್ದನ್ನು ವಾಪಸ್ ತರ್ತೇನೆ.

ಸಂಜೆ ಅಮ್ಮ ಟಿವಿಯಲ್ಲಿ ತಾವೇ ಹುಡುಕಿ ಕರ್ಣಭೇದನ ಹಾಕ್ತಾರೆ. ಮೊದಲಿಗೆ ಒಂದು ಕೆಮ್ಮು, ಆಮೇಲೆ ಊರು, ತಾರೀಖು. ಭಾಗವತರು ಪದ ಎತ್ತುವ ಹೊತ್ತಿಗೆ ಅಮ್ಮ ಎದ್ದು ಅಡುಗೆಮನೆಗೆ ಹೋಗಿರ್ತಾರೆ. ಅವರಿಗೆ ಬೇಕಾದದ್ದು ಅಷ್ಟೇ.