ಕಮಾನು ಬಿಟ್ಟು ಕೋಲು ಹಿಡಿದ ಬಾಖ್

ಒಂಟಿ ಪಿಟೀಲಿಗೆಂದು ಬಾಖ್ ಬರೆದ ಆರು ಕೃತಿಗಳ ಸ್ವಹಸ್ತಪ್ರತಿಯ ಮೇಲೆ 1720 ಎಂಬ ಇಸವಿ ಇದೆ. ಒಂಟಿ ಚೆಲ್ಲೊಗೆ ಬರೆದ ಸ್ವೀಟ್ ಎಂಬ ಆರು ನೃತ್ಯಮಾಲಿಕೆಗಳೂ ಹೆಚ್ಚುಕಡಿಮೆ ಅದೇ ಕಾಲದವು. ಅವುಗಳ ಮೂಲಪ್ರತಿ ಸಿಕ್ಕಿಲ್ಲ. ಹೆಂಡತಿ ಆನಾ ಮಗ್ದಲೇನಾ ಮಾಡಿದ ನಕಲು ಉಳಿದಿದೆ. ಹನ್ನೆರಡೂ ಕಮಾನಿಗೆಂದೇ ಹುಟ್ಟಿದ ಸಂಗೀತ. ಇವತ್ತು ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ಮರಿಂಬಾದ ವಿದ್ಯಾರ್ಥಿಗಳು ಜಗತ್ತಿನಾದ್ಯಂತ ಇವುಗಳ ಮೇಲೆಯೇ ಕೈ ಪಳಗಿಸಿಕೊಳ್ಳುತ್ತಾರೆ.

ಮರಿಂಬಾದ ಬೇರು ಆಫ್ರಿಕಾದಲ್ಲಿದೆ. ಅದು ಬೆಳೆದದ್ದು ಗ್ವಾಟೆಮಾಲ ಮತ್ತು ದಕ್ಷಿಣ ಮೆಕ್ಸಿಕೊಗಳಲ್ಲಿ. ಅಮೆರಿಕದಲ್ಲಿ ಅದನ್ನು ಸಭಾಭವನಕ್ಕೆ ತಂದವರಲ್ಲಿ ಕ್ಲೇರ್ ಓಮರ್ ಮಸ್ಸರ್ ಮುಖ್ಯರು. 1933ರ ಶಿಕಾಗೊ ವಿಶ್ವಪ್ರದರ್ಶನಕ್ಕೆ ಅವರು ನೂರು ಮರಿಂಬಾಗಳ ವೃಂದವನ್ನೇ ಕಟ್ಟಿದರು. ತಂತಿವಾದ್ಯದ ದೀರ್ಘ ಸ್ವರ ಬಂದಾಗಲೆಲ್ಲ ಆ ಪೀಳಿಗೆಗೆ ಇದ್ದ ಉತ್ತರ ಒಂದೇ: ರೋಲ್. ಅಂದರೆ ಎರಡು ಕೋಲುಗಳಿಂದ ಬಿಡುವಿಲ್ಲದೆ ಬಡಿಯುತ್ತ ಸ್ವರವನ್ನು ಹಿಡಿದು ನಿಲ್ಲಿಸುವುದು. ಕಮಾನಿನ ಎಳೆತವನ್ನು ಅನುಕರಿಸುವ ಈ ಹಟ ಬಹಳ ಕಾಲ ಬಾಖ್‌ನನ್ನು ನಡುಗುವ ದನಿಯಲ್ಲೇ ಹಾಡಿಸಿತು.

ಬದಲಾವಣೆ ಬಂದದ್ದು ಕೈಗಳ ಮೂಲಕ. 1950ರ ದಶಕದಲ್ಲಿ ವೀಡಾ ಚೆನೊವೆತ್ ನಾಲ್ಕು ಕೋಲು ಹಿಡಿದು ಮರಿಂಬಾವನ್ನು ಏಕವ್ಯಕ್ತಿ ಕಛೇರಿಯ ವಾದ್ಯವಾಗಿಸಿದರು. ಮರಿಂಬಾ ವಾದಕ ಲೀ ಹೋವರ್ಡ್ ಸ್ಟೀವನ್ಸ್ 1979ರ ತಮ್ಮ ಪಠ್ಯದಲ್ಲಿ ಮಣಿಕಟ್ಟನ್ನು ತಿರುಗಿಸುವ ಚಲನೆಯನ್ನು ವಿವರಿಸಿ, ಒಂದೇ ಕೈಯ ಎರಡು ಕೋಲುಗಳು ಪರಸ್ಪರ ಹಂಗಿಲ್ಲದೆ ಓಡಾಡುವಂತೆ ಮಾಡಿದರು. ಒಂದೇ ಎಳೆಯಂತೆ ಕೇಳುತ್ತಲೇ ಒಳಗೆ ಎರಡು ಮೂರು ದನಿಗಳನ್ನು ಬಚ್ಚಿಟ್ಟುಕೊಂಡಿರುವ ಬಾಖ್‌ನ ರಚನೆಗೆ ಬೇಕಿದ್ದದ್ದು ಇದೇ ಸ್ವಾತಂತ್ರ್ಯ.

ಇನ್ನೊಂದು ಅಡ್ಡಿ ವಾದ್ಯದ ಉದ್ದದ್ದು. ಪಿಟೀಲಿನ ಕೃತಿಗಳು ನಾಲ್ಕು ಸ್ಥಾಯಿಯ ಮರಿಂಬಾದಲ್ಲಿ ಸಲೀಸಾಗಿ ಕೂರುತ್ತವೆ. ಆದರೆ ಅದರ ಅತಿ ಕೆಳಗಿನ ಪಟ್ಟಿ ಚೆಲ್ಲೊದ ಮಂದ್ರ ತಂತಿಗಿಂತ ಪೂರ್ತಿ ಒಂದು ಸ್ಥಾಯಿ ಮೇಲಿತ್ತು. ಹಾಗಾಗಿ ಚೆಲ್ಲೊ ಮಾಲಿಕೆಗಳನ್ನು ಮೇಲಕ್ಕೆತ್ತಿ ನುಡಿಸುವುದು ಅನಿವಾರ್ಯವಾಗಿತ್ತು, ಗಾಂಭೀರ್ಯ ಕರಗುತ್ತಿತ್ತು. ಜಪಾನಿನ ಮರಿಂಬಾ ವಾದಕಿ ಕೆಯ್ಕೊ ಅಬೆ ಯಮಹಾ ಕಂಪನಿಯೊಂದಿಗೆ ದುಡಿದ ಫಲವಾಗಿ 1980ರ ದಶಕದಲ್ಲಿ ಐದು ಸ್ಥಾಯಿಯ ವಾದ್ಯ ಬಳಕೆಗೆ ಬಂದಾಗ ಅದರ ಕೊನೆಯ ಪಟ್ಟಿ ಚೆಲ್ಲೊದ ಆ ಬಿಡಿ ತಂತಿಯ ಶ್ರುತಿಗೇ ಬಂದು ನಿಂತಿತು.

ಒಂದನೇ ಚೆಲ್ಲೊ ಮಾಲಿಕೆಯ ಪ್ರೆಲ್ಯೂಡ್ ಎಂಬ ಪೀಠಿಕೆ ಮುಗಿಯುವ ಮುನ್ನ ಒಂದು ಜಾಗವಿದೆ. ಚೆಲ್ಲೊ ವಾದಕ ಬಿಡಿ ತಂತಿಯನ್ನು ಮತ್ತೆ ಮತ್ತೆ ನುಡಿಸುತ್ತ ಪಕ್ಕದ ತಂತಿಯಲ್ಲಿ ರಾಗ ಕಟ್ಟುತ್ತಾನೆ. ಎರಡು ತಂತಿಗಳ ಬಣ್ಣ ಬೇರೆ, ಆ ಮಿನುಗೇ ಅಲ್ಲಿನ ಸೊಗಸು. ಮರಿಂಬಾದಲ್ಲಿ ಒಂದು ಶ್ರುತಿಗೆ ಒಂದೇ ಪಟ್ಟಿ. ಜಾಣ ವಾದಕರು ಮರಳಿ ಬರುವ ಸ್ವರವನ್ನು ಪಟ್ಟಿಯ ಅಂಚಿಗೆ, ದಾರ ಹಾದುಹೋಗುವ ರಂಧ್ರದತ್ತ ಸರಿಸಿ ಬಡಿಯುತ್ತಾರೆ. ಅಲ್ಲಿ ನಾದ ಸೊರಗುತ್ತದೆ. ರಾಗದ ಸ್ವರಗಳು ಮಾತ್ರ ಕೆಳಗಿನ ಅನುರಣನ ಕೊಳವೆಯ ನೇರಕ್ಕೆ, ಪಟ್ಟಿಯ ನಡುವೆ ಬೀಳುತ್ತವೆ. ಕೆಲವೇ ಅಂಗುಲಗಳ ಈ ಅಂತರದಲ್ಲಿ ಕಳೆದುಹೋದ ತಂತಿ ಮತ್ತೆ ಕೇಳಿಸುತ್ತದೆ.

ಸ್ವರಗುಚ್ಛಗಳದ್ದು ತಿರುಗುಮುರುಗು ಸಮಸ್ಯೆ. ಪಿಟೀಲಿನ ಕುದುರೆ ಬಾಗಿರುವುದರಿಂದ ಕಮಾನು ನಾಲ್ಕು ತಂತಿಗಳನ್ನು ಒಟ್ಟಿಗೆ ಹಿಡಿಯಲಾರದು, ಕೆಳಗಿನಿಂದ ಮೇಲಕ್ಕೆ ಒಡೆದೇ ನುಡಿಸಬೇಕು. ನಾಲ್ಕು ಕೋಲುಗಳಿಗೆ ಆ ಬಂಧನವಿಲ್ಲ. ಆದರೂ ಆರು ಪಿಟೀಲು ಕೃತಿಗಳಲ್ಲಿ ಒಂದಾದ ಎರಡನೇ ಪಾರ್ಟಿಟಾದ ಚಾಕೋನ್ ಎಂಬ ನೃತ್ಯಭಾಗದಲ್ಲಿ ಗುಚ್ಛಗಳನ್ನು ಒಮ್ಮೆಗೇ ಅಪ್ಪಳಿಸಿದರೆ ಆ ನೃತ್ಯದ ಉಸಿರು ನಿಲ್ಲುತ್ತದೆ. ಕೊಂಚ ಒಡೆದು ನುಡಿಸುವುದೇ ಸರಿ ಎಂದು ನನಗನ್ನಿಸುತ್ತದೆ. ಕಮಾನಿನ ಸಂಗೀತವನ್ನು ಬೇರೆ ವಾದ್ಯಕ್ಕೆ ತರುವುದೇ ಮೂಲಕ್ಕೆ ದ್ರೋಹ ಎನ್ನುವವರಿಗೆ ಬಾಖ್‌ನೇ ಉತ್ತರ ಕೊಟ್ಟಿದ್ದಾನೆ: ಮೂರನೇ ಪಾರ್ಟಿಟಾದ ಪ್ರೆಲ್ಯೂಡನ್ನು ಕ್ಯಾಂಟಾಟಾ ಒಂದರಲ್ಲಿ ಆರ್ಗನ್‌ಗೆ ಒಗ್ಗಿಸಿದ, ಐದನೇ ಚೆಲ್ಲೊ ಮಾಲಿಕೆಯನ್ನು ಲ್ಯೂಟ್‌ಗೆ ಬರೆದ.

ಮರಿಂಬಾ ವಾದಕಿ ಕುನಿಕೊ ಕಾಟೊ ಅವರ 2017ರ ಬಾಖ್ ಧ್ವನಿಮುದ್ರಿಕೆಯ ಹೊತ್ತಿಗೆ ಮರಿಂಬಾ ತನ್ನ ದನಿಯಲ್ಲೇ ಬಾಖ್‌ನನ್ನು ನುಡಿಸುವ ಧೈರ್ಯ ಗಳಿಸಿತ್ತು. ಆದರೂ ಐದನೇ ಚೆಲ್ಲೊ ಮಾಲಿಕೆಯ ಸಾರಾಬಾಂಡ್ ಎಂಬ ನಿಧಾನ ನೃತ್ಯ ಇಂದಿಗೂ ವಾದಕರನ್ನು ಎರಡು ಪಕ್ಷವಾಗಿಸುತ್ತದೆ. ಅಲ್ಲಿ ಒಂದೇ ಒಂದು ಸ್ವರಗುಚ್ಛವಿಲ್ಲ, ಬರಿಯ ಒಂಟಿ ಎಳೆ. ರೋಲ್ ಮಾಡಿ ಸ್ವರವನ್ನು ಉಳಿಸಬೇಕೋ, ತಾನಾಗಿ ಆರಲು ಬಿಡಬೇಕೋ? ನನ್ನ ಮತ ಎರಡನೆಯದಕ್ಕೆ. ಮಂದ್ರದ ಉದ್ದ ಪಟ್ಟಿಗಳ ನಾದ ಮುಂದಿನ ಸ್ವರದವರೆಗೂ ಬಾಳುತ್ತದೆ, ಮೆತ್ತನೆಯ ಕೋಲು ಹಿಡಿದು ಲಯವನ್ನು ಕೂದಲೆಳೆಯಷ್ಟು ಮುಂದೊತ್ತಿದರೆ ಸಾಕು.