ಉಪ್ಪಿನ ರಾಶಿ ಮತ್ತು ಎರಡು ಕೈಗಳು

2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆ ಎರಡು ಬಾರಿ ಸಾವಿನ ಸುದ್ದಿ ಕೇಳಿತು. ಹಗಲು, ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ರಾತ್ರಿ, ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರಾದ ನಟ ಅಂಬರೀಶ್ ಬೆಂಗಳೂರಿನ ಆಸ್ಪತ್ರೆಯಲ್ಲಿ ಹೃದಯಸ್ತಂಭನದಿಂದ ತೀರಿಕೊಂಡರು. ಒಂದು ನೀರಿನ ಸಾವು, ಇನ್ನೊಂದು ಹೃದಯದ್ದು. ಇಂಥದ್ದು ನಾಲೆಯ ಏರಿಯ ಮೇಲೋ ಮನೆಯ ಜಗಲಿಯಲ್ಲೋ ಸಂಭವಿಸಿದರೆ ಮೊದಲ ನಿಮಿಷಗಳಲ್ಲಿ ವೈದ್ಯರಿರುವುದಿಲ್ಲ, ನೆರೆಹೊರೆಯವರಷ್ಟೇ ಇರುತ್ತಾರೆ. ಎದೆ ಒತ್ತಿ, ಉಸಿರು ಊದಿ ಜೀವ ಹಿಡಿದಿಡುವ ಸಿಪಿಆರ್ ಎಂಬ ಪ್ರಥಮ ಚಿಕಿತ್ಸೆಗೆ ಅವರ ಕೈ ಮುಂದಾಗುವುದೇ?

ಕನ್ನಂಬಾಡಿ ಕಟ್ಟೆಯಿಂದ ಹೊರಟ ಈ ನಾಲೆ (ಮೊದಲಿಗೆ ಇರ್ವಿನ್ ನಾಲೆ) ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಕಬ್ಬು, ಭತ್ತದ ಜೊತೆ ನೀರಿನ ಅಪಾಯವನ್ನೂ ತಂದಿತು. ಮುತ್ತತ್ತಿಯ ಕಾವೇರಿ ಸುಳಿಗಳು ಅದಕ್ಕೂ ಹಳೆಯವು. ಮುಳುಗಿದವರನ್ನು ದಡಕ್ಕೆ ತಂದಾಗ ನಮ್ಮ ಹಳ್ಳಿಗಳಲ್ಲಿ ಯಾರೂ ಕೈಕಟ್ಟಿ ನಿಲ್ಲುವುದಿಲ್ಲ. ತಲೆಕೆಳಗಾಗಿ ಹಿಡಿಯುತ್ತಾರೆ, ಹೆಗಲ ಮೇಲೆ ಹೊತ್ತು ಗಿರಗಿರನೆ ತಿರುಗಿಸುತ್ತಾರೆ, ಹೊಟ್ಟೆ ಒತ್ತಿ ನೀರು ಕಕ್ಕಿಸಲು ನೋಡುತ್ತಾರೆ. 2022ರಲ್ಲಿ ಬಳ್ಳಾರಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಮುಳುಗಿ ಸತ್ತ ಬಾಲಕರ ದೇಹವನ್ನು ಉಪ್ಪಿನ ರಾಶಿಯಲ್ಲಿ ಹುದುಗಿಸಿ ಗಂಟೆಗಟ್ಟಲೆ ಕಾದದ್ದೂ ಉಂಟು. ಮೌಢ್ಯವೆಂದು ಬೈಯುವುದು ಸುಲಭ. ಆದರೆ ಇಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. ನೆನಪಿನಲ್ಲುಳಿಯುವ ಸರಳ ವಿಧಾನವೊಂದು ಸಿಕ್ಕರೆ ಜನ ಮುಂದಾಗುತ್ತಾರೆ. ಸಿಕ್ಕದ್ದು ತಪ್ಪು ವಿಧಾನ, ಅಷ್ಟೆ.

ಪಾಶ್ಚಾತ್ಯರೂ ಇದೇ ದಾರಿಯಲ್ಲಿ ನಡೆದವರು. ನಾಲೆಗಳ ನಗರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1767ರಲ್ಲಿ ಮುಳುಗಿದವರನ್ನು ಉಳಿಸುವ ಸಂಘ ಹುಟ್ಟಿತು. ಅದು ಬಾಯಿಗೆ ಉಸಿರು ಊದಲು ಹೇಳಿತು, ಜೊತೆಗೆ ಗುದದ್ವಾರದಿಂದ ತಂಬಾಕಿನ ಹೊಗೆ ಹಾಯಿಸಲೂ ಹೇಳಿತು! ಆಮೇಲೆ ಕೈ ಎತ್ತಿಳಿಸುವ, ಬೋರಲು ಮಲಗಿಸಿ ಬೆನ್ನು ಒತ್ತುವ ಪದ್ಧತಿಗಳು ಬಂದವು. 1950ರ ದಶಕದ ಕೊನೆಯಲ್ಲಿ ಪೀಟರ್ ಸಫರ್ ಬಾಯಿಂದ ಬಾಯಿಗೆ ಊದುವುದೇ ಮೇಲೆಂದು ತೋರಿಸಿದರು. 1960ರಲ್ಲಿ ಅಮೆರಿಕದ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆ ಸೀಳದೆ ಹೊರಗಿನಿಂದ ಒತ್ತಿಯೇ ರಕ್ತ ಹರಿಸಬಹುದೆಂದು ಪ್ರಕಟಿಸಿದರು. ಇವರಲ್ಲಿ ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್.

ವಿಧಾನ ಸರಳವಾದರೂ ಹಿಂಜರಿಕೆ ಉಳಿಯಿತು. ಪಕ್ಕೆಲುಬು ಮುರಿದೀತೇ, ಅಪರಿಚಿತ ಹೆಂಗಸಿನ ಎದೆ ಮುಟ್ಟಬಹುದೇ, ಪೊಲೀಸ್ ಕೇಸು ಮೈಮೇಲೆ ಬಂದೀತೇ? ಕೊನೆಯ ಭಯಕ್ಕೆ ರಸ್ತೆ ಅಪಘಾತಗಳ ಮಟ್ಟಿಗೆ ಉತ್ತರವಿದೆ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೆರವಾದವರನ್ನು ಕಾಡಬಾರದೆಂಬ ಮಾರ್ಗಸೂಚಿಗೆ ಬಲ ನೀಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಅದನ್ನು ಕಾನೂನಾಗಿಸಿತು. ಕಾನೂನು ಭಯ ಕಳೆಯಬಹುದು, ಕೈಗೆ ಅಭ್ಯಾಸ ಕೊಡಲಾರದು. ಡೆನ್ಮಾರ್ಕ್ 2005ರಿಂದ ಶಾಲೆಗಳಲ್ಲಿ ಈ ತರಬೇತಿ ಕಡ್ಡಾಯ ಮಾಡಿತು, ಆಮೇಲೆ ಚಾಲನಾ ಪರವಾನಗಿಗೂ ಅನ್ವಯಿಸಿತು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ದಾರಿಹೋಕರ ಸಿಪಿಆರ್ ಪಡೆದವರು 2001ರಲ್ಲಿ ಶೇ. 21 ಇದ್ದದ್ದು 2010ರ ಹೊತ್ತಿಗೆ ಶೇ. 45ಕ್ಕೆ ಏರಿತು.

ಅಭ್ಯಾಸಕ್ಕೆ ಬೇಕಾದದ್ದು ಒಂದು ಗೊಂಬೆ. ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲಾರ್ಡಾಲ್ ಅದನ್ನು 1960ರಲ್ಲಿ ಮಾಡಿದರು. ಎದೆಯ ನಡುವೆ ಅಂಗೈ ಇಟ್ಟು, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವುದು ಎಷ್ಟು ಶ್ರಮವೆಂದು ಒಮ್ಮೆ ಒತ್ತಿ ನೋಡಿದವರಿಗೇ ಗೊತ್ತು. ಈಗ ಎದೆ ಒತ್ತಿದರೆ ಸಾಕು, ಬಾಯಿಗೆ ಊದಬೇಕಿಲ್ಲ ಎಂದು ಸಾರ್ವಜನಿಕರಿಗೆ ಕಲಿಸುವುದುಂಟು. ದಿಢೀರನೆ ಕುಸಿದ ವಯಸ್ಕರಿಗೆ ಅದು ಸರಿ. ನಾಲೆಯಿಂದ ಎತ್ತಿದವರ ಮಾತು ಬೇರೆ: ಅವರ ಹೃದಯ ನಿಲ್ಲುವುದು ಉಸಿರುಗಟ್ಟಿ. ಅವರಿಗೆ ಉಸಿರನ್ನೂ ಊದಲೇಬೇಕು.